ಹಂದರದಲ್ಲೊಂದು ಗೇಣು

ಪೋಲೆಂಡಿನ ವುಚ್ ನಗರದಲ್ಲಿ, ಟ್ರಾಮಿನ ಕೊನೆಯ ನಿಲ್ದಾಣದ ಹಿಂದೆ
ನನಗೆ ಸಿಕ್ಕ ತೋಟ ಒಂದು ಓಣಿಯಷ್ಟು ಅಗಲ.
ಅಡ್ಡ ಮಲಗಿದರೆ ತಲೆ ನನ್ನದರಲ್ಲಿ,
ಕಾಲು ಪಕ್ಕದವರ ಮೂಲಂಗಿಯಲ್ಲಿ.
ಪಕ್ಕದವರು ಎಂದರೆ ಬೊಗುಮಿವಾ,
ನಲವತ್ತು ವರ್ಷ ಹತ್ತಿಗಿರಣಿಯಲ್ಲಿ ನೇಯ್ದು
ಕಿವಿಗಳನ್ನು ಮಗ್ಗಗಳಿಗೇ ಬಿಟ್ಟು ಬಂದವರು.

ಮೊದಲ ದಿನ ಕುಂಬಳದ ಬೀಜ ಹಿಡಿದು ನಿಂತಿದ್ದೆ.
'ಅದು ಮಲಗುವ ಜಾತಿ,' ಅಂದರು,
'ನಿನಗೆ ನಿಲ್ಲುವ ಜಾತಿ ಬೇಕು.
ಬಾಡಿಗೆ ನೆಲಕ್ಕೆ ಮಾತ್ರ. ಮೇಲಿನದು ಪುಕ್ಕಟೆ.'

ನನ್ನ ಮಾತನ್ನು ಅವರು ಕೇಳುವುದಿಲ್ಲ, ನೋಡುತ್ತಾರೆ.
ಗಿರಣಿಯ ಗದ್ದಲದಲ್ಲಿ ಹೆಂಗಸರು ಕಲಿತ ವಿದ್ಯೆ, ತುಟಿ ಓದುವುದು;
ಮೇಸ್ತ್ರಿಯ ಬೆನ್ನ ಹಿಂದೆ ಇಡೀ ಊರಿನ ಸುದ್ದಿ
ಸದ್ದೇ ಇಲ್ಲದೆ ಸಾಲು ದಾಟುತ್ತಿತ್ತಂತೆ.

ಇಬ್ಬರಿಗೂ ಒಂದೇ ಹಂದರ, ಗಡಿಯ ಮೇಲೆ.
ಎರಡು ಕಟ್ಟಿದರೆ ಎರಡು ನೆರಳು,
ಎರಡು ಮೊಳ ಮಣ್ಣು ದಂಡ: ಅದು ಅವರ ಲೆಕ್ಕ.
ಹೇಜಲ್ ಗಿಡದ ಗಳ ನಾಲ್ಕು,
ತೀರಿಕೊಂಡ ಗಂಡನ ಮಂಚದ ಒಂದು ಪಕ್ಕ,
ನಾನು ಬೀದಿಯಿಂದ ತಂದ ಸೈಕಲ್ ಗಾಲಿ
(ನೋಡಿ ನಕ್ಕರು, ಆದರೂ ತುದಿಗೆ ಕಟ್ಟಿದರು).
ಆಮೇಲೆ ಚೀಲದಿಂದ ಒಂದು ಉಂಡೆ ನೈಲಾನ್ ಹುರಿ,
ಗಿರಣಿ ಮುಚ್ಚಿದ ದಿನ ಕೋಟಿನೊಳಗೆ ಮನೆಗೆ ಬಂದದ್ದು.
'ಕದ್ದದ್ದೇ?' ಅಂದೆ.
'ಬಾಕಿ ಸಂಬಳ,' ಅಂದರು.

ಮೇಲಿಂದ ಕೆಳಗೆ ಹಾಸು ಹಾಕಿದರು,
ಗೇಣಿಗೊಂದು ಎಳೆ, ಅಳತೆಗೆ ಅಂಗೈ ಸಾಕು.
ಪ್ರತಿ ಎಳೆಯನ್ನೂ ಬೆರಳಿಂದ ಮೀಟಿದರು.
ಕೇಳದವರು ಮೀಟುವುದೇಕೆ?
'ಬಿಗಿ ಕೈಗೆ ತಿಳಿಯುತ್ತದೆ,' ಅಂದರು,
ನನ್ನ ತುಟಿ ಇನ್ನೂ ಅಲುಗುವ ಮೊದಲೇ.
'ಹೊಕ್ಕು ನಮ್ಮ ಕೆಲಸವಲ್ಲ. ಇಲ್ಲಿ ಬಳ್ಳಿಯೇ ಲಾಳಿ.'

ಮೇ ನಡುವಿನ ಕೊನೆಯ ಚಳಿ ಕಳೆಯುವವರೆಗೆ
ಬೀಜ ಮುಟ್ಟಗೊಡಲಿಲ್ಲ.
ಜೂನಿನಲ್ಲಿ ಬೀನ್ಸಿನ ಕುಡಿಯೊಂದು ಗಾಳಿಯಲ್ಲಿ ತಡಕುತ್ತಿತ್ತು.
ಉಪಕಾರವೆಂದು ಎಳೆಗೆ ಸುತ್ತಿ ಹೋದೆ.
ಬೆಳಗ್ಗೆ ನೋಡಿದರೆ ಬಿಚ್ಚಿಕೊಂಡು ನೇತಾಡುತ್ತಿದೆ,
ಮುನಿದ ಮಗುವಿನ ಹಾಗೆ.
'ಅದು ಸುತ್ತುವುದು ಅಪ್ರದಕ್ಷಿಣವಾಗಿ,' ಅಂದರು,
'ನೀನು ಟ್ರಾಮನ್ನು ಹಳಿ ಬಿಟ್ಟು ಓಡಿಸುತ್ತೀಯಾ?'

ಜುಲೈ. ಹಂದರ ಗೋಡೆಯಾಯಿತು.
ನನ್ನ ಕಡೆ ಬೀನ್ಸಿನ ಕೆಂಪು ಹೂವು,
ಅವರ ಕಡೆ ಸೌತೆಯ ಹಳದಿ,
ಬುಡದ ನೆರಳಲ್ಲಿ ಲೆಟಿಸ್ಸಿನ ಎಳೆಮಕ್ಕಳು.
ಆಚೆ ಒಂದು ಕೆಮ್ಮು, ನೀರಿನ ಡಬ್ಬದ ಸದ್ದು.
ನಾನು ಕೂಗಿದೆ.
ಎಲೆಗಳಿಗೆ ತುಟಿಯಿಲ್ಲ.

ನಾಲ್ಕು ದಿನ ಹೀಗೇ:
ಬೀನ್ಸಿನ ಬುಟ್ಟಿ ಗೇಟಿನ ಬಳಿ ಇಟ್ಟು ನಾನು ಡ್ಯೂಟಿಗೆ ಓಡುವುದು,
ಅದೇ ಬುಟ್ಟಿಯಲ್ಲಿ ಸೌತೆ ಕಾದಿರುವುದು.
ಒಳ್ಳೆಯ ಬೆಳೆ. ಒಂದು ಮಾತಿಲ್ಲ.

ಐದನೆಯ ದಿನ ಎಲೆಗಳ ನಡುವೆ ಕತ್ತರಿಯ ಮೂಗು ಬಂತು.
ಕಚಕ್. ಹೂಬಿಟ್ಟ ಕುಡಿ ಬಿತ್ತು, ಎಳೆಗಾಯಿ ಬಿತ್ತು,
ಒಂದು ಕಾಳೂ ಹಾಳುಮಾಡದ ಹೆಂಗಸಿನ ಕೈಯಿಂದ.
ಗೇಣುದ್ದ, ಗೇಣಗಲ.
ಆ ತೂತಿನಲ್ಲಿ ಕನ್ನಡಕ, ಬೆವರಿದ ಮೂಗು.
'ಈಗ ಹೇಳು,' ಅಂದರು, 'ಸೋಮವಾರದಿಂದ.'

ಹೇಳಿದೆ. ಒಂಟಿಯಾಗಿ ಟ್ರಾಮು ಹತ್ತಿ
ಸರಿಯಾದ ನಿಲ್ದಾಣದಲ್ಲೇ ಇಳಿದ ನಾಯಿಯ ಕಥೆ,
ತಂಗಿ ಯಾಗ್ನಾ ಉಂಗುರ ಹಿಂತಿರುಗಿಸಿದ ಕಥೆ.
ಬಳ್ಳಿ ವಾರಕ್ಕೊಮ್ಮೆ ಕಿಂಡಿ ಮುಚ್ಚಲು ನೋಡುತ್ತಿತ್ತು,
ಅವರು ವಾರಕ್ಕೊಮ್ಮೆ ಕತ್ತರಿಸುತ್ತಿದ್ದರು.
ಬಳ್ಳಿಯ ತಪ್ಪೇನಿಲ್ಲ.

ಅಕ್ಟೋಬರಿನ ಒಂದೇ ರಾತ್ರಿಯ ಹಿಮಕ್ಕೆ ಎಲ್ಲ ಕಪ್ಪು.
ಬಳ್ಳಿ ಎಳೆದು ಗೊಬ್ಬರಕ್ಕೆ ಹಾಕಿದೆವು.
ಹುರಿ ಬಿಚ್ಚಿ, ಸುತ್ತಿ, ಉಂಡೆ ಮಾಡಿದರು;
ಬಾಕಿ ಸಂಬಳ ಮತ್ತೆ ಚೀಲಕ್ಕೆ.

ಈಗ ನಮ್ಮ ನಡುವೆ ಗಳ, ಮಂಚ, ತಿರುಗುವ ಗಾಲಿ,
ಉಳಿದದ್ದೆಲ್ಲ ಬಯಲು.
ಆದರೂ ಏನಾದರೂ ಹೇಳಬೇಕಾದಾಗ
ನಾನು ಸ್ವಲ್ಪ ಬಗ್ಗುತ್ತೇನೆ,
ಅವರು ತುದಿಗಾಲಲ್ಲಿ ನಿಲ್ಲುತ್ತಾರೆ,
ಆ ಗೇಣಿನ ಎತ್ತರಕ್ಕೆ.